ಮಂಜಜ್ಜನ ಜೀಪಿಗೆ ನಾ ಹಾಕಿದ ಸುತ್ತಿಗೆ ಪೆಟ್ಟು

…ನನ್ನ ಈ ಬೆರಳು ಮುರಿದದ್ದು ಜೀಪಿಂದಲ್ಲ. ಮಣಿಕಟ್ಟು ಮುರಿದದ್ದು ಜೀಪು, ಬೆರಳು ಮುರಿದದ್ದು ನಿಮ್ಮ ಮಂಜಜ್ಜ. ಎರಡನ್ನೂ ಕೂಡಿಸಬ್ಯಾಡ. ನಿಮ್ಮಜ್ಜಿ ಕೂಡಿಸಿ ಹೇಳ್ತಾಳೆ, ಅವಳು ಅಲ್ಲಿರ್ಲಿಲ್ಲ. ನಾನಿದ್ದೆ. ಪ್ರವೀಣಾ, ಆ ಮೊಬೈಲು ಈಚೆ ತಾ, ಇನ್ನೊಂದ್ಸಲ ನೋಡ್ತೇನೆ. ಹ್ಞೂಂ. ಹಸಿರು ಬಣ್ಣ. ಹೊಸ ಹುಡ್ಡು. ಚಂದ ಇದೆ. ಹಳೇ ಜೀಪು, ಹೊಸ ಬಣ್ಣ. ನಾಳೆ ಹೋಗಿ ತಗಂಡೇ ಬರ್ತೇನೆ ಅಂತೀಯಾ. ಬರ್ತೀಯಂತೆ, ಕೂತ್ಕ. ಇಂಥದ್ದೇ ಒಂದು ಜೀಪನ್ನ ನಾ ಸುತ್ತಿಗೆ ತಗಂಡು ಒಡೆದಿದ್ದೆ. ನಗಬ್ಯಾಡ. ನಗೋ ಹಂಗೆ ಇರ್ಲಿಲ್ಲ ಅದು, ಅಂಗಳ ತುಂಬ ರಕ್ತ ಆಗಿತ್ತು. ಅರ್ಧ ನಂದು, ಅರ್ಧ ಅಂವಂದು.

ಮಂಜಜ್ಜ ಯಾರು ಅಂತ ಈ ಸಣ್ಣವಳಿಗೆ ಗೊತ್ತಿಲ್ಲ, ಕಣ್ಣು ಬಿಡ್ತಾಳೆ ನೋಡು. ನನ್ನ ಅಕ್ಕನ ಗಂಡ ಮಗಾ. ನನ್ನ ಭಾವ. ದಾಸನಕೊಪ್ಪದಲ್ಲಿ ಮನೆ. ಒಳಗೆ ಗೋಡೆ ಮೇಲೆ ಇದ್ದಾನಲ್ಲ, ಮೀಸೆ, ಅಂವನೇ. ಫೋಟೋದಲ್ಲಿ ಪಾಪದವನ ಹಂಗೆ ಕಾಣ್ತಾನೆ. ಪಾಪದವ ಅಲ್ಲ. ಯಲ್ಲಾಪುರದಲ್ಲಿ ನಾಟಾ ಲಾರಿ ಓಡಿಸ್ತಿದ್ದ, ದಿಮ್ಮಿ ತುಂಬಿಕೊಂಡು ಅರಬೈಲ ಘಟ್ಟ ಇಳಿಸದು ಅಂವನ ಕೆಲಸ. ಆ ಘಟ್ಟ ಈಗಿನ ಹಂಗೆ ಅಲ್ಲ. ಈಗ ಅಗಲ ಮಾಡಿದಾರೆ. ಆಗ ತಿರುವಲ್ಲಿ ಎದುರಿಂದ ಲಾರಿ ಬಂತು ಅಂದ್ರೆ ಇಬ್ರಲ್ಲಿ ಒಬ್ಬ ಹಿಂದೆ ಹೋಗ್ಬೇಕು, ಹಿಂದೆ ಅಂದ್ರೆ ಪಾತಾಳ. ಲಾರಿ ಬ್ರೇಕು ಸಮ ಇಲ್ಲ ಅಂತ ಭಾವ ಧಣಿಗೆ ಹೇಳಿದ್ದ. ಒಂದು ಸಲ ಅಲ್ಲ, ಹೇಳ್ತನೇ ಇದ್ದ. ಧಣಿ ಎಂತ ಹೇಳಿದ್ದ ಗೊತ್ತಾ, 'ನೀನು ಸ್ಟೇರಿಂಗು ಹಿಡಿ ಮಂಜ, ಗಾಡಿ ವಿಚಾರ ನಂಗೆ ಬಿಡು' ಅಂದಿದ್ದ. ಆಮೇಲೆ ಘಟ್ಟದಲ್ಲಿ ಬ್ರೇಕು ಹಿಡೀಲಿಲ್ಲ. ಭಾವ ಲಾರಿನ ರಸ್ತೆ ಬದಿಯ ಮಣ್ಣಿನ ದರೆಗೆ ಒತ್ತಿ ನಿಲ್ಲಿಸ್ದ. ಲಾರಿ ನಿಂತ್ತು, ದಿಮ್ಮಿ ನಿಲ್ಲಲಿಲ್ಲ. ಕ್ಲೀನರ್ ಹೊನ್ನನ ಕಾಲ ಮೇಲೆ ಬಂತು. ಹೊನ್ನ ಬದುಕ್ದ, ಕಾಲು ಹೋತು. ಭಾವ ಅಲ್ಲಿಂದ ಸೀದಾ ಧಣಿ ಕೂತಲ್ಲಿ ಹೋಗಿ ಜಾಕಿನ ರಾಡು ತಗಂಡು ದವಡೆಗೆ ಒಂದು ಕೊಟ್ಟ. ಹಲ್ಲು ಮೇಜಿನ ಮೇಲೆ ಚಾ ಲೋಟದ ಹತ್ರ ಬಿದ್ದಿತ್ತಂತೆ. ಲಾಕಪ್ಪಿಗೆ ಹಾಕಿದ್ರು, ಅಲ್ಲೂ ಸಮಾ ಹೊಡೆದ್ರು, ಬಿಟ್ರು. ಆಮೇಲೆ ಶಿರಸಿ ಯಲ್ಲಾಪುರ ಸಿದ್ದಾಪುರ ಮೂರೂ ಕಡೆ ಯಾವ ಧಣಿನೂ ಅಂವನ ಕೈಗೆ ಕೀಲಿ ಕೊಡ್ಲಿಲ್ಲ. 'ಹಲ್ಲು ಮುರಿಯೋ ಮಂಜ' ಅಂತ ಹೆಸರು ಬಿತ್ತು. ಡ್ರೈವಿಂಗು ಬಿಟ್ರೆ ಬೇರೆ ಎಂತೂ ಬರ್ತಿರ್ಲಿಲ್ಲ ಅಂವಂಗೆ. ಸ್ವಂತ ಗಾಡಿ ಆದ್ರೆ ಡ್ರೈವರು, ಇಲ್ದಿದ್ರೆ ಕಲ್ಲು ಒಡೆಯೋ ಕೂಲಿ. ಅಷ್ಟೇ ಇದ್ದದ್ದು. ನೆನಪಿಟ್ಕಳಿ ಇದನ್ನ. ಆ ಜೀಪು ಅಂದ್ರೆ ಅಂವನ ಮರ್ಯಾದೆ, ಅನ್ನ, ಎರಡೂ.

ಜೀಪು ಸಿಕ್ಕಿದ್ದು ಹುಲಗೋಳದ ಕಡೆ ಒಬ್ಬ ಹೆಗಡೇರ ಹತ್ರ. ಅವರ ಬೆಟ್ಟದ ಅಂಚಲ್ಲಿ ಮತ್ತಿ ಮರದ ಕೆಳಗೆ ಬಿದ್ದಿತ್ತು. ಬಿದ್ದಿತ್ತು ಅಂದ್ರೆ, ಬಳ್ಳಿ ಹಬ್ಬಿ ಜೀಪು ಅಂತನೇ ಗೊತ್ತಾಗ್ತಿರ್ಲಿಲ್ಲ. ದುಡ್ಡು ಎಲ್ಲಿಂದ ತರದು. ಒಂದು ಬೇಸಿಗೆ ಪೂರಾ ಹೆಗಡೇರ ಬೆಟ್ಟದ ಸುತ್ತ ಅಗಳ ತೋಡಿಕೊಟ್ಟ, ದನ ನುಗ್ಗದ ಹಂಗೆ. ಕೂಲಿ ಬದ್ಲಿಗೆ ಜೀಪು. ನಾ ಅವಾಗ ಜೊತೆಗಿರ್ಲಿಲ್ಲ. ನಂದು ಕೊನೆಗೌಡನ ಕೆಲಸ, ಅಡಿಕೆ ಮರ ಹತ್ತಿ ಕೊನೆ ಇಳಿಸದು, ಮಳೆಗಾಲದಲ್ಲಿ ಮದ್ದು ಹೊಡೆಯದು. ಸಿದ್ದಾಪುರದ ಬದಿಗೇ ಇರ್ತಿದ್ದೆ ಹೆಚ್ಚು, ಬಿಡುವಾದಾಗ ಅಕ್ಕನ ಮನೆಗೆ ಬರ್ತಿದ್ದೆ. ಜೀಪು ಎಳೆಯೋಕೆ ಹೋದಾಗ ಬಾನೆಟ್ ಒಳಗೆ ಕಣಜದ ಗೂಡಂತೆ. ಮೋರೆ ಮೇಲೆ ಕಚ್ಚಿ ಕಣ್ಣು ಮುಚ್ಚಿಹೋಯ್ತಂತೆ ಭಾವಂಗೆ. ಬೇರೆಯವ್ರಾದ್ರೆ ಓಡ್ತಿದ್ರು. ಇಂವ ಸೂಡಿ ಹೊತ್ತಿಸಿ ಗೂಡಿಗೆ ಇಟ್ಟ, ಉದುರಿದ ಕಣಜನ ಒಂದೊಂದಾಗಿ ಕಾಲಲ್ಲಿ ಹೊಸಕಿ ಹೊಸಕಿ ಕೊಂದ್ನಂತೆ. ಆಮೇಲೆ ಕೋಣ ಕಟ್ಟಿ ರಸ್ತೆ ತನಕ ಎಳೆಸಿ, ಅಲ್ಲಿಂದ ಬಸಣ್ಣನ ಟ್ರ್ಯಾಕ್ಟರಿಗೆ ಕಟ್ಟಿ ದಾಸನಕೊಪ್ಪಕ್ಕೆ ತಂದ್ರು. ಬಸಣ್ಣ ಅಂದ್ರೆ ಪಕ್ಕದ ಮನೆಯವ, ಹಾವೇರಿ ಕಡೆಯಿಂದ ಬಂದು ಹಿಟ್ಟಿನ ಗಿರಣಿ ಹಾಕಿದ್ದ. ಬಾಯಿ ಜೋರು, ಮನುಷ್ಯ ಒಳ್ಳೆಯವ. ಜೀಪು ಅಂಗಳದಲ್ಲಿ ನಿಲ್ಲಿಸಿದ ದಿನವೇ ಶುರು ಮಾಡ್ದ, 'ಏನ್ರಿ ಮಂಜಣ್ಣಾ, ಕೋಳಿ ಗೂಡು ಛಲೋ ತಂದೀರಿ. ತತ್ತಿ ಯಾವಾಗ ಇಡತೈತ್ರಿ?' ಭಾವ ಸ್ಪ್ಯಾನರು ಬೀಸಿ ಒಗೆದ. ಬಸಣ್ಣನ ಕಿವಿ ಪಕ್ಕದಲ್ಲಿ ಹೋಗಿ ಗಿರಣಿ ಗೋಡೆಗೆ ಕಂತಿತು. ಬಸಣ್ಣ ಅದನ್ನ ಕಿತ್ತು ತಂದು ಕೊಟ್ಟ. 'ತಗೋರಿ, ಬೇಕಾಗತೈತಿ' ಅಂದ. ಆ ಮೇಲೂ ದಿನಾ ಬಂದು ಕೂರ್ತಿದ್ದ ಅಲ್ಲೇ.

ಹಳೇ ಜೀಪು ಕಟ್ಟದು ಅಂದ್ರೆ ಪೂಜೆ ಅಲ್ಲ. ಗುದ್ದಾಟ. ತುಕ್ಕು ಹಿಡಿದ ಬೋಲ್ಟು ತಿರುಗಲ್ಲ. ಸೀಮೆಎಣ್ಣೆ ಹಾಕು, ಕಾಯಿ, ತಿರುಗಲ್ಲ. ಬೆಂಕಿ ಕೊಡು, ತಿರುಗಲ್ಲ. ಆಮೇಲೆ ಉಳಿ ಇಟ್ಟು ಹೊಡೆಯದು. ಉಳಿ ಜಾರ್ತದೆ, ಬೆರಳ ಗಂಟಿನ ಚರ್ಮ ಹೋಗ್ತದೆ. ಅಂವ ಬೋಲ್ಟಿಗೆ ಬೈತಿದ್ದ, ಅದರ ಅವ್ವನ್ನ ಸೇರಿಸಿ ಬೈತಿದ್ದ. ಒಂದಿನ ಪ್ಲೇಟು ಬಿಚ್ಚುವಾಗ, ಪ್ಲೇಟು ಅಂದ್ರೆ ಕೆಳಗೆ ಕಮಾನಿನ ಹಂಗೆ ಇರ್ತದಲ್ಲ ಅದು, ಸಿಡಿದು ತೊಡೆ ಸೀಳ್ತು. ಒಳಗಿನ ಬಿಳಿ ಕಂಡ್ತು. ಶಿರಸಿ ಆಸ್ಪತ್ರೆಲಿ ಹೊಲಿಸ್ಕಂಡು ಬಂದ, ಕುಂಟ್ತಾ ಬಂದು ಮೊದ್ಲು ಮಾಡಿದ ಕೆಲಸ ಎಂತ, ಆ ಪ್ಲೇಟಿಗೆ ಒದ್ದದ್ದು. ಹೊಲಿಗೆ ಬಿಟ್ಟು ಮತ್ತೆ ರಕ್ತ. ಅಕ್ಕ ಕಾಫಿ ಪುಡಿ ಒತ್ತಿ ಬಟ್ಟೆ ಕಟ್ಟಿ, 'ಪ್ಲೇಟಿಗೆ ನೋವಾತಾ ಕೇಳಿ' ಅಂದ್ಲು. ಸಾಮಾನು ಎಲ್ಲ ಹಳೇದೇ. ಸೀಟು ಸಿದ್ದಾಪುರದಲ್ಲಿ ಒಂದು ಟೂರಿಂಗ್ ಟಾಕೀಸು ಮುಚ್ಚಿದ್ರು, ಅಲ್ಲಿನ ಬೆಂಚು ಕೊಯ್ದು ಮಾಡಿದ್ದು. ಕೂತ್ರೆ ತಿಗಣೆ ಕಚ್ತಿತ್ತು, ಹಳೇ ತಿಗಣೆ. ಗೇರ್ ಬಾಕ್ಸು ಶಿರಸಿ ಗುಜರಿಲಿ ಸಿಕ್ತು. ಇನ್ನೊಬ್ಬಂವ ಅದೇ ಹೊತ್ತಿಗೆ ಅದೇ ಗೇರ್ ಬಾಕ್ಸಿಗೆ ಕೈ ಹಾಕ್ದ. ಭಾವ ಅಂವನ ಕೈ ಮೇಲೆ ಗೇರ್ ಬಾಕ್ಸು ಇಳಿಸ್ದ. ಅಂವ ಕೂಗಿದ್ದು ಬಸ್ ಸ್ಟ್ಯಾಂಡಿಗೆ ಕೇಳಿರ್ಬೇಕು. ಗುಜರಿ ಸಾಬರು ಹೇಳಿದ್ರು, 'ತಗಂಡು ಹೋಗು ಮಂಜಣ್ಣಾ, ನೀ ಇಲ್ಲಿದ್ರೆ ನನ್ನ ಗಿರಾಕಿ ಎಲ್ಲ ಆಸ್ಪತ್ರೆಲಿ ಇರ್ತಾರೆ' ಅಂತ.

ಹ್ಞಾಂ, ಹಸಿರು ಬೆಂಕಿ ವಿಷಯ ಹೇಳ್ಬೇಕು. ಅದು ಮರೆತ್ರೆ ಮುಂದಿಂದು ತಿಳೀದಿಲ್ಲ. ಜೀಪಿನ ಹಿಂದಿನ ಭಾಗಕ್ಕೆ ಹೆಗಡೇರು ಹಲಗೆ ಹಾಸಿದ್ರು. ಹಲಗೆ ಕೊಳೆತು ಕುಂಬಾಗಿತ್ತು. ಭಾವ ಕಿತ್ತು ಒಗೆದ. ಅಕ್ಕ ಅದನ್ನ ಬಚ್ಚಲ ಒಲೆಗೆ ಹಾಕಿದ್ಲು, ಸೌದೆ ಅಂತ. ಹಾಕಿದ್ದೇ ತಡ, ಬೆಂಕಿ ಹಸಿರು. ಬಾಳೆ ಎಲೆ ಹಸಿರು. ಅಕ್ಕ ಕೂಗಿಕೊಂಡು ಹೊರಗೆ ಬಂದ್ಲಂತೆ. 'ಇದ್ರಲ್ಲಿ ಎಂತೋ ಇದೆ, ಯಾರೋ ಸತ್ತ ಗಾಡಿ ಇದು, ಅದ್ಕೇ ಹೆಗಡೇರು ಕೊಟ್ಟಿದ್ದು.' ಭಾವ ದೇವರಿಗೆ ಹೆದರೋನಲ್ಲ, ಆದ್ರೆ ಬೆಂಕಿ ಬಣ್ಣ ನೋಡಿ ಅಂವನೂ ತಣ್ಣಗಾದ. ಮಂಗಳವಾರ ಚೌಡಿಗೆ ಹುಂಜ ಕೊಟ್ರು. ಜೀಪಿನ ಮುಂದೇ ಕುತ್ತಿಗೆ ಕೊಯ್ದು ನಾಲ್ಕೂ ಚಕ್ರಕ್ಕೆ ರಕ್ತ ಹಚ್ಚಿದ್ರು, ಉಳಿದ ಹಲಗೆನ ಹಳ್ಳಕ್ಕೆ ಬಿಟ್ರು. ಅಲ್ಲಿಗೆ ಎಲ್ಲ ಸಮ ಆತು ಅಂತ ಲೆಕ್ಕ. ಕೋಳಿ ಸಾರು ಚಂದ ಆಗಿತ್ತಂತೆ, ಬಸಣ್ಣ ಮಾತ್ರ ಉಣ್ಲಿಲ್ಲ, ಅವರಲ್ಲಿ ತಿನ್ನದಿಲ್ಲ. ನಂಗೆ ಅವಾಗ ಯಾರೂ ಹೇಳ್ಲಿಲ್ಲ ಇದನ್ನ. ನಾ ಬಂದಾಗ ಹೊಸ ತಗಡು ಹಾಕಿ ಆಗಿತ್ತು, ಮೇಲಿಂದ ಒಂದು ಸಾಲು ರಿವೆಟು. ಕೆಳಗಿಂದ ಚಾಸಿಗೆ, ಚಾಸಿ ಅಂದ್ರೆ ಗಾಡಿ ಬೆನ್ನೆಲುಬು, ಅದಕ್ಕೆ ಭಾವ ಮನೆ ಜಂತೆಗೆ ಬಳಿಯೋ ಹಂಗೆ ಗೇರೆಣ್ಣೆ, ಗೇರುಬೀಜದ ಸಿಪ್ಪೆ ಎಣ್ಣೆ, ಬಳಿದಿದ್ದ, ಅದ್ರ ಮೇಲೆ ಡಾಂಬರು. ಗೇರೆಣ್ಣೆ ಸಿಡಿದು ಮೋರೆ ತೋಳು ಎಲ್ಲ ಬೊಬ್ಬೆ. 'ಮರಕ್ಕೆ ಗೆದ್ದಲು, ಕಬ್ಬಿಣಕ್ಕೆ ತುಕ್ಕು, ಎರಡಕ್ಕೂ ಇದೇ ಮದ್ದು' ಅಂದ.  ನಂಗೆ ಗಾಡಿ ವಿದ್ಯೆ ಗೊತ್ತಿಲ್ಲ.

ಮಣಿಕಟ್ಟು ಮುರಿದದ್ದು ಅವಾಗ. ಇಂಜಿನ್ನು ಕೂರ್ಸಿ ಆಗಿತ್ತು, ಬ್ಯಾಟರಿಗೆ ಬಲ ಸಾಲದು, ಹ್ಯಾಂಡಲ್ ಹಾಕಿ ತಿರುಗಿಸ್ಬೇಕು. ಹ್ಯಾಂಡಲ್ ಹಿಡಿಯೋಕೆ ಒಂದು ಕ್ರಮ ಇದೆ. ಹೆಬ್ಬೆಟ್ಟು ಒಳಗೆ ಸುತ್ತಬಾರದು, ಬೆರಳುಗಳ ಬದಿಗೇ ಇಡ್ಬೇಕು, ಇಂಜಿನ್ನು ಉಲ್ಟಾ ಒದ್ರೆ ಕೈ ಜಾರಿ ಹೊರಗೆ ಬರ್ತದೆ. ಭಾವ ಹೇಳಿದ್ದ. ನಾನೂ ಹಂಗೇ ಹಿಡಿದಿದ್ದೆ. ಆದ್ರೂ ಒದೀತು. ಕೋಣ ಒದ್ದ ಹಂಗೆ. ಹ್ಯಾಂಡಲ್ ಉಲ್ಟಾ ಬಂದು ಮಣಿಕಟ್ಟಿಗೆ ಬಿತ್ತು, ಒಣಗಿದ ಸೋಗೆ ದಂಟು ಮುರಿದ ಸದ್ದು. ಅದೇ ಹೊತ್ತಿಗೆ ಇಂಜಿನ್ನು ಹೊತ್ತಿಕೊಂಡ್ತು. ಡುಗುಡುಗುಡುಗು ಅಂತ. ನಾ ನೆಲದಲ್ಲಿ ಹೊರಳ್ತಿದ್ದೆ, ಭಾವ ಜೀಪಿನ ಸುತ್ತ ಕುಣಿತಿದ್ದ. ಕುಣಿದು ಕುಣಿದು ಆಮೇಲೆ ನನ್ನ ನೋಡ್ದ. ನಾಟಿ ವೈದ್ಯರ ಹತ್ರ ಅದೇ ಜೀಪಲ್ಲಿ ಕರಕಂಡು ಹೋದ, ಮಡ್ಗಾರ್ಡಿಲ್ಲ, ಹಾರ್ನಿಲ್ಲ, ಬ್ರೇಕು ಅರ್ಧ. ಎದುರಿಗೆ ಬಂದವ್ರಿಗೆ ಬಾಯಲ್ಲೇ ಕೂಗ್ತಾ ಹೋದ. ದಾರಿಯಲ್ಲಿ ನನ್ನ ಹೆಗಲ ಮೇಲೆ ಕೈ ಇಟ್ಟ. ಅಂವ ಹಂಗೆ ಕೈ ಇಟ್ಟದ್ದು ಅದೊಂದೇ ಸಲ. ಅಷ್ಟು ಖುಷಿ ಇತ್ತು ಅಂವಂಗೆ, ಅದನ್ನ ನಾ ಇಲ್ಲ ಅನ್ನಲ್ಲ.

ಕೈ ಕೂಡಿತು, ಸ್ವಲ್ಪ ಸೊಟ್ಟ ಕೂಡಿತು, ನಾ ಮತ್ತೆ ಮರ ಹತ್ತೋಕೆ ಹೋದೆ. ಕೊನೆ ಕೊಯ್ಲು ಮುಗಿಸಿ ಬಂದ್ರೆ ಅಂಗಳದಲ್ಲಿ ಬೇರೆಯೇ ಗಾಡಿ. ಹಸಿರು ಬಣ್ಣ ಫಳಫಳ. ಕನ್ನಡಿಗೆ ರಿಬ್ಬನ್ನು. ಮುಂದೆ ಅಕ್ಕನ ಹೆಸರು ಬರೆಸಿದ್ದ, 'ಗೌರಿ' ಅಂತ, ಅಕ್ಕ ನಾಚಿಕೊಂಡು ಆ ಬದಿಗೆ ಹೋಗ್ತನೇ ಇರ್ಲಿಲ್ಲ. ಮಾರನೇ ದಿನ ಮೊದಲ ಬಾಡಿಗೆ. ನಮ್ಮವರದ್ದೇ ದಿಬ್ಬಣ, ಮದುವೆ ಹುಡುಗಿ ಮನೆ ಅರಬೈಲ ಘಟ್ಟದ ಬುಡದಲ್ಲಿ. ಗಂಡಸ್ರಿಗೆ ಬೇರೆ ಟೆಂಪೋ. ಜೀಪಿಗೆ ಹೆಂಗಸ್ರು, ಮಕ್ಕಳು, ಬಾಣಂತಿ ಒಬ್ಳು. ಹಿಂದೆ ಮುಂದೆ ಮಡಿಲ ಮೇಲೆ ಎಲ್ಲ ಸೇರಿ ಎಷ್ಟು ಜನ ಹಿಡಿಸ್ತದೋ ಅಷ್ಟು. ಆ ಘಟ್ಟ. ಅಂವ ದಿಮ್ಮಿ ಇಳಿಸಿದ ಘಟ್ಟ, ಹೊನ್ನನ ಕಾಲು ಹೋದ ಘಟ್ಟ. 'ಅಲ್ಲೇ ಇಳಿಸ್ತೇನೆ, ನೋಡ್ಲಿ ಎಲ್ಲ' ಅಂದ. ಆ ಧಣಿ ಕೂರೋ ಜಾಗದ ಎದುರಿಂದನೇ ರಸ್ತೆ ಹೋಗ್ತದೆ. ಅದು ಅಂವನ ಮನಸ್ಸಲ್ಲಿತ್ತು. ಹಾರ್ನು ಬೇರೆ ದೊಡ್ಡದು ಹಾಕಿಸಿದ್ದ.

ನಾ ಬಂದ ದಿನವೇ ಮಧ್ಯಾಹ್ನ ಉಂಡಾದ ಮೇಲೆ ಸೈಲೆನ್ಸರು ಸಡಿಲ ಆಗಿದೆ, ತಂತಿ ಕಟ್ಟು ಅಂದ ಭಾವ. ನಾ ಕೆಳಗೆ ನುಗ್ಗಿದೆ. ಸೊಂಟದಲ್ಲಿ ಕತ್ತಿ ಇತ್ತು, ಕೊನೆಗೌಡನ ಕತ್ತಿ, ಅದು ಯಾವಾಗ್ಲೂ ಇರ್ತದೆ. ತಂತಿ ಸುತ್ತೋಕೆ ಜಾಗ ಬೇಕು ಅಂತ ಡಾಂಬರು ಕೆರೆದೆ. ಡಾಂಬರು ಹಪ್ಪಳದ ಹಂಗೆ ಎದ್ದು ಬಂತು. ಅದರಡಿಗೆ ಕೆಂಪು. ತುಕ್ಕಿನ ಕೆಂಪಲ್ಲ. ತುಕ್ಕು ಅಂದ್ರೆ ಇಟ್ಟಿಗೆ ಬಣ್ಣ. ಇದು ತಾಮ್ರದ ಹಂಡೆ ಬೆಳಗಿದ ಕೆಂಪು, ಅಂಚಲ್ಲಿ ಹಸಿರು ಪಾಚಿ. ನಾ ತಂತಿ ಬದಿಗಿಟ್ಟೆ. ಎಂತಕ್ಕೆ ಅಂದ್ರೆ ಆ ಕೆಂಪು ನಾ ಪ್ರತಿ ಮಳೆಗಾಲ ನೋಡ್ತೇನೆ. ಅಡಿಕೆಗೆ ಕೊಳೆ ಬರಬಾರದು ಅಂತ ಹೊಡೆಯೋ ಮದ್ದು ಇದೆಯಲ್ಲ, ಮೈಲುತುತ್ತ ಬೇರೆ ಕರಗಿಸದು, ಸುಣ್ಣ ಬೇರೆ ಕರಗಿಸದು, ಆಮೇಲೆ ಕೂಡಿಸದು. ಹದ ಬಂತಾ ಅಂತ ನೋಡೋಕೆ ಕತ್ತಿ ಮೊನೆ ಅದ್ದಿ ತೆಗೀತೇವೆ. ಬೆಳ್ಳಗೆ ಬಂದ್ರೆ ಸರಿ. ಕೆಂಪಾದ್ರೆ ಸುಣ್ಣ ಸಾಲ್ಲಿಲ್ಲ, ತುತ್ತ ಕಬ್ಬಿಣ ತಿಂತಾ ಇದೆ. ಅದಕ್ಕೇ ತುತ್ತ ಕರಗಿಸೋಕೆ ಯಾರೂ ಕಬ್ಬಿಣದ ಬಕೀಟು ಹಿಡಿಯಲ್ಲ, ತೂತಾಗಿ ಹೋಗ್ತದೆ. ನಾ ಕತ್ತಿ ಮೊನೆ ಚಾಸಿಗೆ ಒತ್ತಿದೆ. ಒಳಗೆ ಹೋತು. ಹಣ್ಣಾದ ಹಲಸಿಗೆ ಹೋದ ಹಂಗೆ ಹೋತು. ಆ ಬದಿಯದ್ದಕ್ಕೂ ಒತ್ತಿದೆ. ಅದೂ ಹೋತು.

ಹೊರಗೆ ಬಂದು ಅಕ್ಕನ್ನ ಕೇಳಿದೆ. 'ಅಕ್ಕಾ, ಹೆಗಡೇರು ಈ ಜೀಪಲ್ಲಿ ಎಂತ ಹೇರ್ತಿದ್ರು?' ಅಕ್ಕ ಅಕ್ಕಿ ಕೇರ್ತಿದ್ಲು. 'ಮದ್ದಿನ ಬ್ಯಾರಲ್ಲಂತೆ ತಮಾ. ತುತ್ತ ಮನೆಲೇ ಕರಗಿಸಿ ತೋಟಕ್ಕೆ ಒಯ್ತಿದ್ರಂತೆ. ಅಷ್ಟು ಮಳೆಗಾಲ ಹೊತ್ರೂ ಒಂದಿನ ನಿಂತಿಲ್ಲ, ಗಟ್ಟಿ ಗಾಡಿ ಮಾರಾಯ ಅಂದ್ರಂತೆ ಇವ್ರ ಹತ್ರ. ಎಂತಕ್ಕೆ? ಅದ್ರ ಹಲಗೆ ಹಸಿರು ಉರಿತು ಅಂತ ಇವ್ರು ಹೇಳಿದ್ರಾ ನಿಂಗೆ?' ಹೇಳಿರ್ಲಿಲ್ಲ. ಈಗ ಹೇಳಿದ್ಲು. ಬೆಂಕಿ ಹಸಿರು ಉರಿಯದು ತುತ್ತಕ್ಕೆ. ಭೂತ ಗೀತ ಎಂತ ಇಲ್ಲ. ಬ್ಯಾರಲ್ಲು ತುಳುಕಿ ತುಳುಕಿ ಹಲಗೆ ಕುಡೀತು, ಹಲಗೆಯಿಂದ ಚಾಸಿ ಕುಡೀತು. ಹೊರಗೆ ಡಾಂಬರು, ಒಳಗೆ ಎಂತೂ ಇಲ್ಲ. ಹುಂಜ ಸುಮ್ನೆ ಸತ್ತಿತ್ತು.

ಭಾವ ಬಾನೆಟ್ಟಿಗೆ ಎಣ್ಣೆ ಬಟ್ಟೆ ಹಾಕಿ ಉಜ್ತಿದ್ದ. ನಾ ಹೇಳ್ದೆ, 'ಚಾಸಿ ಹೋಗಿದೆ ಭಾವ.' ಅಂವ ತಲೆ ಎತ್ಲಿಲ್ಲ. 'ತಂತಿ ಕಟ್ಟಿದ್ಯಾ?' 'ಚಾಸಿ ಹೋಗಿದೆ. ತುತ್ತ ತಿಂದಿದೆ.' 'ತಿಮ್ಮಾ, ನೀ ಮರದ ಮೇಲೆ ಮಾತಾಡು. ಕೆಳಗಿಂದು ನಂಗೆ ಬಿಡು.' 'ಕತ್ತಿ ಒಳಗೆ ಹೋಗ್ತದೆ. ಬಗ್ಗಿ ನೋಡು.' ಬಗ್ಗಲಿಲ್ಲ. ಬಗ್ಗಿದ್ರೆ ಕಾಣ್ತಿತ್ತು, ಅದಕ್ಕೇ ಬಗ್ಗಲಿಲ್ಲ ಅಂತ ಕಾಣ್ತದೆ. 'ತುಕ್ಕು ಅದು. ಎಲ್ಲ ಜೀಪಿಗೂ ಇರ್ತದೆ. ನಾಳೆ ದಿಬ್ಬಣ ಇದೆ, ಅಪಶಕುನ ಮಾತಾಡಬ್ಯಾಡ.' ಬಸಣ್ಣ ಕಟ್ಟೆ ಮೇಲೆ ಕೂತಿದ್ದ. 'ಮಂಜಣ್ಣಾ, ಒಮ್ಮೆ ನೋಡ್ರಲ್ಲ, ನೋಡಾಕ ಏನ್ ಹೋಗತೈತಿ' ಅಂದ. ಅಂವಂಗೂ ಬೈದ, ಗಿರಣಿಗೆ ಬೆಂಕಿ ಇಡ್ತೇನೆ ಅಂದ. ನಾ ಹೆಚ್ಚು ಮಾತಾಡೋನಲ್ಲ. ಅವತ್ತು ಇನ್ನೊಂದು ಮಾತು ಆಡಿದೆ. 'ನಿನ್ನ ಧಣಿ ಹಂಗೇ ಮಾತಾಡ್ತಾ ಇದ್ದೀಯ ಭಾವ' ಅಂದೆ.

ಮುಂದಿನದು ಕೆನ್ನೆಗೆ ಬಿತ್ತು. ಅಂವನ ಕೈ ಅಂದ್ರೆ ಕೈ ಅಲ್ಲ, ಹಾರೆ. ನಾ ಗೋಡೆಗೆ ಹೋಗಿ ಬಿದ್ದೆ. ಬಾಯಿ ಒಳಗೆ ಉಪ್ಪು. ಎದ್ದೆ. ಅಂವ ಮತ್ತೆ ಬಾನೆಟ್ಟು ಉಜ್ಜೋಕೆ ಹೋಗಿದ್ದ, ನೋಡು, ಹೊಡೆದು ಉಜ್ಜೋಕೆ ಹೋದ. ನಾ ಯೋಚನೆ ಮಾಡ್ದೆ. ಹೆಚ್ಚು ಹೊತ್ತಲ್ಲ. ಮಾತಲ್ಲಿ ಇಂವನ್ನ ಗೆಲ್ಲೋಕೆ ನನ್ನ ಹತ್ರ ಮಾತಿಲ್ಲ. ಬೆಳಿಗ್ಗೆ ಬಾಣಂತಿ ಹತ್ತಿ ಕೂರ್ತಾಳೆ. ಕಮ್ಮಾರಸಾಲೆಯಿಂದ ತಂದ ದೊಡ್ಡ ಸುತ್ತಿಗೆ ಗೋಡೆಗೆ ಒರಗಿಸಿತ್ತು. ತಗಂಡೆ. ಬಗ್ಗಿ ಪಕ್ಕದಿಂದ ಚಾಸಿಗೆ ಬೀಸಿದೆ. ಸುತ್ತಿಗೆ ವಾಪಸ್ ಬರ್ಬೇಕಲ್ಲ, ಕಬ್ಬಿಣಕ್ಕೆ ಹೊಡೆದ್ರೆ ಟಣ್ ಅಂತ ವಾಪಸ್ ಬರ್ತದೆ. ಬರ್ಲಿಲ್ಲ. ಒಳಗೇ ಕೂತ್ತು. ಎಳೆದು ತೆಗೆದು ಇನ್ನೊಂದು ಹೊಡೆದೆ. ಬಣ್ಣ ಸಿಡಿದು ಮೋರೆಗೆ ಬಂತು. ಅಕ್ಕ ಕೂಗಿದ್ಲು. ಭಾವ ಬಂದ.

ಸ್ಟಾರ್ಟಿಂಗ್ ಹ್ಯಾಂಡಲ್ ಹಿಡ್ಕಂಡು ಬಂದ. ನನ್ನ ಮಣಿಕಟ್ಟು ಮುರಿದ ಅದೇ ಹ್ಯಾಂಡಲ್. ತಲೆಗೆ ಬೀಸಿದ್ದು, ನಾ ಕೈ ಅಡ್ಡ ತಂದೆ, ಬೆರಳ ಮೇಲೆ ಬಿತ್ತು. ಇದು. ಈ ಬೆರಳು. ಅದು ಹಿಂದಕ್ಕೆ ಮಡಚಿ ಹೋದದ್ದು ನಾ ನೋಡಿದೆ, ನೋವು ಆಮೇಲೆ ಬಂತು. ನಾ ಬಗ್ಗಿ ಅಂವನ ಹೊಟ್ಟೆಗೆ ತಲೆಲಿ ಗುದ್ದಿದೆ. ಹ್ಯಾಂಡಲ್ ಬಿದ್ದಿತು. ಅಂವ ನನ್ನ ಕುತ್ತಿಗೆ ಹಿಡ್ದ. ನಾ ಅಂವನ ತೋಳು ಕಚ್ಚಿದೆ, ಗೇರೆಣ್ಣೆ ಬೊಬ್ಬೆ ಎದ್ದಿದ್ದ ತೋಳು, ಚರ್ಮ ಬಾಯಿಗೆ ಬಂತು. ಅಕ್ಕ ಒನಕೆ ತಗಂಡು ಬಂದ್ಲು. ಯಾರಿಗೆ ಹೊಡೀಬೇಕು ಅಂತ ಗೊತ್ತಾಗದೆ ಇಬ್ಬರಿಗೂ ಹೊಡೆದ್ಲು, ಗಂಡಂಗೆ ಒಂದು ತಮ್ಮಂಗೆ ಒಂದು. ಬಿಡಲಿಲ್ಲ ನಾವು. ಬಸಣ್ಣ ನಡುವೆ ಬಂದ, ಅಂವನ ಮೂಗಿಗೆ ಯಾರದ್ದೋ ಮೊಣಕೈ ಬಿದ್ದು ಅಂವ ಅತ್ತ ಬಿದ್ದ. ಭಾವ ನನ್ನ ಎತ್ತಿದ. ಅಡಿಕೆ ಮೂಟೆ ಎತ್ತಿದ ಹಂಗೆ ಹೆಗಲ ಮಟ್ಟಕ್ಕೆ ಎತ್ತಿ, ಜೀಪಿನ ಹಿಂದಿನ ಭಾಗಕ್ಕೆ ಒಗೆದ. ಒಗೆದ ರಭಸಕ್ಕೆ ಅಂವನೂ ನನ್ನ ಮೇಲೆ ಬಿದ್ದ.

ಜೀಪು ಮುರೀತು.

ಸದ್ದು ದೊಡ್ಡದಲ್ಲ. ಹಸಿ ಬಿದಿರು ಸೀಳಿದ ಸದ್ದು. ನಡುವಲ್ಲಿ ಕುಸೀತು, ಮುಂದಿನ ಬಾನೆಟ್ಟು ಮೇಲೆ, ಹಿಂದಿನ ಬಾಗಿಲು ನೆಲಕ್ಕೆ. ಹೊಸ ತಗಡಿನ ರಿವೆಟು ಒಂದರ ಹಿಂದೆ ಒಂದು ಹಾರಿದ್ವು. ಟಾಕೀಸಿನ ಬೆಂಚು ಜಾರಿ ನಮ್ಮ ಮೇಲೆ ಬಂತು. ನಾವಿಬ್ರು. ಬರೀ ಇಬ್ರು ಬಿದ್ದದ್ದಕ್ಕೆ. ಬೆಳಿಗ್ಗೆ ಅದ್ರಲ್ಲಿ ಎಷ್ಟು ಜನ ಕೂರೋರಿದ್ರು ಅಂತ ಹೇಳಿದ್ನಲ್ಲ. ಅರಬೈಲಲ್ಲಿ.

 ಬಸಣ್ಣ ಮೂಗು ಹಿಡ್ಕಂಡು ನಿಂತಿದ್ದ. ಭಾವ ಎದ್ದ. ಬಗ್ಗಿ ಮುರಿದ ಬಾಯಿಗೆ ಕೈ ಹಾಕ್ದ. ಕಬ್ಬಿಣ ಅಂವನ ಬೆರಳಲ್ಲಿ ಪುಡಿ ಆತು, ಹಸಿರು ಕೆಂಪು ಪುಡಿ, ಅಂಗೈ ತುಂಬ. ಅದನ್ನ ನೋಡ್ತನೇ ನಿಂತ. ಆಮೇಲೆ ಸುತ್ತಿಗೆ ಎತ್ತಿಕೊಂಡ. ನನ್ನ ತಲೆಗೇ ಅಂತ ಲೆಕ್ಕ ಹಾಕಿದೆ. ಅಂವ ಜೀಪಿಗೆ ಹೊಡೆದ. ಮುಂದಿನ ಬಂಪರಿಗೆ. ಟಣ್ ಅಂತು. ಪಕ್ಕಕ್ಕೆ ಹೊಡೆದ, ಟಣ್. ಇನ್ನೊಂದು ಕಡೆ ಹೊಡೆದ, ಬೊದ್ ಅಂತು, ತೂತು ಬಿತ್ತು. 'ಸುಣ್ಣದ ಕಲ್ಲು ತಾರೇ' ಅಂತ ಅಕ್ಕಂಗೆ ಹೇಳ್ದ. ಬೊದ್ ಅಂದಲ್ಲಿ ಸುಣ್ಣದ ಗುರುತು ಹಾಕ್ತಾ ಹೊಡೀತಾ ಹೋದ. ಬಣ್ಣ ಎಲ್ಲ ಎದ್ದು ಬಂತು. 'ಗೌರಿ' ಅಂತ ಬರೆದದ್ದಕ್ಕೂ ಹೊಡೆದ. ಅಕ್ಕ ಬಾಗಿಲಲ್ಲಿ ಕೂತು ಅಳ್ತಿದ್ಲು, ನಾ ಬೆರಳು ಹಿಡ್ಕಂಡು ಕೂತಿದ್ದೆ, ಊರವ್ರು ಬೇಲಿ ಹತ್ರ ನಿಂತು ಮಂಜಂಗೆ ತಲೆ ಕೆಟ್ಟಿತು ಅಂತಿದ್ರು. ತಲೆ ಅವಾಗ ಸಮ ಆದದ್ದು.

ಮದುವೆ ಮನೆಗೆ ಅಂವನೇ ಹೋಗಿ ಹೇಳ್ದ. ಗಾಡಿ ಇಲ್ಲ ಅಂತ. ಹುಡುಗನ ಅಪ್ಪ ಎಲ್ಲರ ಎದುರು ಅಂವನ ಕೆನ್ನೆಗೆ ಹೊಡೆದ. ಹಲ್ಲು ಮುರಿಯೋ ಮಂಜ ಅಲ್ವಾ, ಎಲ್ಲ ಹಿಂದೆ ಸರಿದ್ರಂತೆ. ಇಂವ ಕೈ ಎತ್ತಲಿಲ್ಲ. ತಿಂದು ಬಂದ. ದಿಬ್ಬಣದ ಹೆಂಗಸ್ರು ಮಕ್ಕಳು ಬಸಣ್ಣನ ಟ್ರ್ಯಾಕ್ಟರಲ್ಲಿ ಶಿರಸಿ ತನಕ, ಅಲ್ಲಿಂದ ಬಸ್ಸಲ್ಲಿ ಹೋದ್ರು. ತಡ ಆತು, ಮುಹೂರ್ತ ತಪ್ಪಲಿಲ್ಲ. ಆ ಬಾಣಂತಿ ಕೂಸು ಈಗ ಶಿರಸಿಲಿ ಮೇಷ್ಟ್ರು. ನಂಗೆ ಸಿಕ್ಕಿದ್ರೆ ನಮಸ್ಕಾರ ಅಂತಾನೆ, ಎ‌ಂತಕ್ಕೆ ಅಂತ ಅಂವಂಗೂ ಗೊತ್ತಿಲ್ಲ, ನಾನೂ ಹೇಳಿಲ್ಲ.

ಭಾವ ಆ ಬೇಸಿಗೆ ಜಲ್ಲಿ ಕ್ವಾರಿಲಿ ಕಲ್ಲು ಒಡೆದ. ಅದೇ ಸುತ್ತಿಗೆ. ಯಾವ ಕೂಲಿ ಬ್ಯಾಡ ಅಂತ ಜೀಪು ಕಟ್ಟಿದ್ನೋ ಅದೇ ಕೂಲಿ. ಹೆಗಡೇರ ಮೇಲೆ ಹೋಗ್ಲಿಲ್ಲ. ಅಕ್ಕ ಕೇಳಿದ್ದಕ್ಕೆ, 'ಅವ್ರು ಮದ್ದು ಹೊತ್ತಿದೆ ಅಂತ ಬಾಯಿಬಿಟ್ಟು ಹೇಳಿದ್ರು, ನಂಗೆ ಗಟ್ಟಿ ಅನ್ನೋದು ಮಾತ್ರ ಕೇಳ್ಸಿತು' ಅಂದ. ನನ್ನ ಹತ್ರ ಎಂತೂ ಹೇಳ್ಲಿಲ್ಲ. ತಪ್ಪಾತು ಅಂತನೂ ಇಲ್ಲ. ಮಳೆಗಾಲ ಮುಗಿದ ಮೇಲೆ ಯಲ್ಲಾಪುರದಲ್ಲಿ ಒಂದು ನಾಟಾ ಲಾರಿ ಒಡೆಯೋಕೆ ಹಾಕಿದ್ರು, ಅದ್ರ ಚಾಸಿ ಕೊಯ್ದು ತರೋಕೆ ಹೋದ. ಹೋಗುವಾಗ ನಮ್ಮನೆ ಮುಂದೆ ಬಂದು ನಿಂತ. ಒಳಗೆ ಬರ್ಲಿಲ್ಲ. 'ತಿಮ್ಮಾ, ಕತ್ತಿ ತಗಂಡು ಬಾ' ಅಂದ. ನಾ ಹೋದೆ. ಅಲ್ಲಿ ಒಬ್ಬಂವ ಕೇಳ್ದ, 'ಇಂವ ಯಾರು, ಮೆಕ್ಯಾನಿಕ್ಕಾ?' 'ಕೊನೆಗೌಡ' ಅಂದ ಭಾವ. 'ಇಂವ ಚುಚ್ಚಿ ನೋಡಿ ಹ್ಞೂಂ ಅನ್ನಬೇಕು, ಆಮೇಲೆ ಮಾತು.' ಅವ್ರು ನಕ್ರು. ಭಾವ ಅವ್ರನ್ನ ಒಂದು ನೋಟ ನೋಡ್ದ, ನಗು ನಿಂತ್ತು. ಹೊಡೀಲಿಲ್ಲ, ಬರೀ ನೋಡ್ದ. ನಾ ಆ ಕಬ್ಬಿಣದ ಉದ್ದಕ್ಕೂ ಚುಚ್ಚಿ, ಸುತ್ತಿಗೆ ಹೊಡೆದು, ಹ್ಞೂಂ ಅಂದೆ. ಆ ಚಾಸಿ ಮೇಲೆ ಜೀಪು ಮತ್ತೆ ಕಟ್ಟಿ ಅಂವ ಸಾಯೋ ತನಕ ಓಡಿಸ್ದ. ಅರಬೈಲಲ್ಲಿ ಇಳಿಸ್ದ, ಹತ್ತಿಸ್ದ, ಒಬ್ಬರಿಗೂ ಗೀರಾಗಲಿಲ್ಲ. ಬಣ್ಣ ಹೊಡೆಸ್ಲೇ ಇಲ್ಲ ಅದಕ್ಕೆ. ಕಬ್ಬಿಣ ಕಾಣ್ತಾ ಇರ್ಲಿ ಅಂತಿದ್ದ.

ಅಷ್ಟೇ. ಎಂತ ಅಷ್ಟೇನಾ ಅಂದ್ರೆ, ಅಷ್ಟೇ. ಪ್ರವೀಣಾ, ನಾಳೆ ಜೀಪು ನೋಡೋಕೆ ಹೋಗ್ತೀಯಲ್ಲ, ಕೊಟ್ಟಿಗೆ ಅಟ್ಟದ ಮೇಲೆ ಸುತ್ತಿಗೆ ಇದೆ, ತಗಂಡು ಹೋಗು. ಮಾರೋನು ಹೊಡೆಯೋಕೆ ಬಿಟ್ರೆ ತಗ. ಬಿಡದೆ ಇದ್ರೆ ವಾಪಸ್ ಬಾ. ಮೈ ಬಗ್ಗಿಸಿ ಅಡಿ ನೋಡದೆ ಯಾವುದನ್ನೂ ಚಂದ ಅನ್ನಬ್ಯಾಡ. ಏಳಿ ಈಗ, ಅಜ್ಜಿ ಆಸ್ರಿಗೆ, ಚಾ ಕುಡಿಯೋಕೆ, ಕರೀತಾ ಇದ್ದಾಳೆ.